ಅಮ್ಮನಿಗೆ ಕೊಮೊಡೊ ಉಡ ನೋಡಬೇಕಂತೆ. ಕೊಯ್ಲಿಗೂ ಔಷಧಿ ಹೊಡೆಯೋದಕ್ಕೂ ನಡುವೆ ಹೋಗಿಬರಬಹುದಾ?

ಹಿನ್ನೀರಿನಾಚೆ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರ ತಾಲ್ಲೂಕು, ತುಮರಿಯಿಂದಲೂ ಒಳಗೆ. ಮೂರೆಕರೆ ಅಡಿಕೆ ತೋಟ, ಎರಡು ಎಮ್ಮೆ, ಹತ್ತಾರು ಕೋಳಿ, ನಾನು ಮತ್ತು ಅಮ್ಮ. ಹಿನ್ನೆಲೆ ಹೇಳದೆ ಪ್ರಶ್ನೆ ಕೇಳಿದರೆ ತಮಾಷೆ ಅಂದುಕೊಳ್ಳುತ್ತೀರಿ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಹೋದ ಮಳೆಗಾಲದಲ್ಲಿ ಕೋಳಿಗೂಡಿನ ಮೊಟ್ಟೆ ದಿನಾ ಮಾಯ ಆಗ್ತಿತ್ತು. ಪಕ್ಕದ ಮನೆ ನಾಯಿ ಅಂತ ಅಮ್ಮ ಒಂದು ವಾರ ಆ ಮನೆಯವರ ಜೊತೆ ಮಾತು ಬಿಟ್ಟರು. ಆಮೇಲೆ ನೋಡಿದರೆ ಉಡ. ಗೊಬ್ಬರದ ಗುಂಡಿ ಪಕ್ಕದ ಕಲ್ಲುಕಟ್ಟೆಯ ಸಂದಿಯಲ್ಲಿ ಸೇರಿಕೊಂಡಿತ್ತು. ನನ್ನ ಕೈಯಷ್ಟು ದಪ್ಪ ಬಾಲ. ಅಮ್ಮ ಹಿಡಿಕಟ್ಟು ಹಿಡಿದುಕೊಂಡು ಹೋದವರು ಹೊಡೆಯಲಿಲ್ಲ, ಅಲ್ಲೇ ಕೂತು ಅರ್ಧ ಗಂಟೆ ಅದರ ನಾಲಿಗೆ ನೋಡಿದರು. ಅದೇ ವಾರ ಟಿವಿಯಲ್ಲಿ ಇಂಡೋನೇಷ್ಯಾದ ಕೊಮೊಡೊ ಉಡ ಬಂತು. "ಇದು ನಮ್ಮ ಉಡದ ದೊಡ್ಡಪ್ಪ ಅಲ್ವನಾ ಮಾರಾಯ?" ಅಂದರು. ಅಲ್ಲಿಂದ ಶುರು. ಕಾಶಿ ಆಗಿದೆ, ರಾಮೇಶ್ವರ ಆಗಿದೆ, ಎರಡೂ ಯಾತ್ರೆ ಬಸ್ಸಿನಲ್ಲಿ. ಈಗ ಇದೊಂದು ಬಾಕಿಯಂತೆ.

ಮೊದಲು ನಾನು ನಕ್ಕು ಸುಮ್ಮನಾದೆ. ಆದರೆ ಸಿಗಂದೂರು ಸೇತುವೆ ಆದ ಮೇಲೆ ಅಮ್ಮ ಒಂದು ಮಾತು ಹೇಳಿದರು: "ಅರವತ್ತು ವರ್ಷ ದ್ವೀಪದವರು ಅಂತ ಅನ್ನಿಸಿಕೊಂಡಾಯ್ತು, ಈಗ ಅದೂ ಹೋಯ್ತು. ಇನ್ನೊಬ್ಬರ ದ್ವೀಪ ನೋಡಿ ಬರೋಣ." ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮದು ಮುಳುಗಡೆ ಕುಟುಂಬ. ಅಜ್ಜನ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ. ಅಮ್ಮ ಮದುವೆಯಾಗಿ ಬಂದಿದ್ದೂ ನೀರು ದಾಟಿಕೊಂಡೇ.

ಕೇಳಬೇಕಾದ್ದು ಇಷ್ಟು. ಕೊಯ್ಲು ಮುಗಿಯೋದು ಜನವರಿ ಕೊನೆಗೆ, ಮೇ ಕೊನೆಗೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವವರು ಬರುತ್ತಾರೆ. ಈ ನಡುವೆ ಯಾವಾಗ ಹೋದರೆ ಒಳ್ಳೆಯದು? ಅಮ್ಮನಿಗೆ 61, ಮೊಣಕಾಲು ಅಷ್ಟಕ್ಕಷ್ಟೆ, ನಡೆಯೋದೆಷ್ಟು? ಸಮುದ್ರದ ದೋಣಿ ಹೇಗೆ? ಊಟದ್ದು ಅಂಥ ತೊಂದರೆ ಇಲ್ಲ, ಮೀನು ಆಗುತ್ತೆ, ಆದರೆ ಸೋಮವಾರ ಶನಿವಾರ ಆಗಲ್ಲ. ಇನ್ನು ಎಲ್ಲಕ್ಕಿಂತ ಮುಖ್ಯವಾದ್ದು: ಅಷ್ಟು ದೂರ ಹೋಗಿ ಅದು ನಿಜವಾಗಿ ಕಾಣುತ್ತಾ? ನಾಗರಹೊಳೆಗೆ ಮೂರು ಸಲ ಹೋಗಿ ಹುಲಿಯ ಹೆಜ್ಜೆ ಮಾತ್ರ ನೋಡಿ ಬಂದವನು ನಾನು.

---

ತುಂಗಾತೀರದ ಮೇಷ್ಟ್ರು:

ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. 2024ರ ಮೇ ಮೊದಲ ವಾರ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ: ಕಾಣುತ್ತೆ. ಹುಲಿಯ ಹಾಗೆ ಆಟ ಆಡಿಸುವುದಿಲ್ಲ. ಕೊಮೊಡೊ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 3,000 ಇವೆ, ಬಹುಪಾಲು ಕೊಮೊಡೊ ಮತ್ತು ರಿಂಚಾ ದ್ವೀಪಗಳಲ್ಲಿ. ಬೆಳಿಗ್ಗೆ ಬಿಸಿಲು ಕಾಯಿಸಿಕೊಳ್ಳಲು ಹೊರಗೆ ಬರುತ್ತವೆ, ಹನ್ನೊಂದರ ನಂತರ ನೆರಳಿಗೆ ಸೇರುತ್ತವೆ. ಹಾಗಾಗಿ ಎಷ್ಟು ಬೇಗ ಇಳಿದರೆ ಅಷ್ಟು ಒಳ್ಳೆಯದು.

ಕಾಲ: ನಿಮಗೆ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಮಳೆ ಡಿಸೆಂಬರ್‌ನಿಂದ ಮಾರ್ಚ್‌. ಜನವರಿ, ಫೆಬ್ರವರಿಯಲ್ಲಿ ಗಾಳಿ ಎದ್ದರೆ ಬಂದರಿನ ಅಧಿಕಾರಿಗಳು ದೋಣಿ ಬಿಡುವುದೇ ಇಲ್ಲ. ಜುಲೈ, ಆಗಸ್ಟ್‌ ಅವು ಜೋಡಿಯಾಗುವ ಕಾಲ, ಒಳಗಡೆ ಸೇರಿಕೊಂಡು ಕಾಣುವುದು ಕಡಿಮೆ. ಸೆಪ್ಟೆಂಬರ್ ಹೊತ್ತಿಗೆ ಮೊಟ್ಟೆ ಇಡುತ್ತವೆ, ಅದೂ ಎಷ್ಟೋ ಸಲ ಕಾಡುಕೋಳಿಯಂಥ ಒಂದು ಹಕ್ಕಿ ಮಣ್ಣು-ತರಗೆಲೆ ಗುಡ್ಡೆ ಹಾಕಿ ಮಾಡಿದ ಗೂಡನ್ನು ಕೆದಕಿ. ನಿಮ್ಮ ಅಮ್ಮನ ಕೋಳಿಗೂಡಿನ ಕಥೆ ಓದಿದಾಗ ನನಗೆ ಇದೇ ನೆನಪಾಯಿತು, ಇಡೀ ವಂಶಕ್ಕೇ ಪರರ ಗೂಡಿನ ಮೇಲೆ ಕಣ್ಣು. ಏಪ್ರಿಲ್ ಸುಮಾರಿಗೆ ಮರಿ ಹೊರಬರುತ್ತವೆ. ಬಂದವು ಸೀದಾ ಮರ ಹತ್ತುತ್ತವೆ, ಯಾಕೆಂದರೆ ಕೆಳಗಿದ್ದರೆ ದೊಡ್ಡವು ತಿಂದುಬಿಡುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನನ್ನ ಹೆಂಡತಿಗೆ ಆದ ನಿರಾಸೆ ನಿಮ್ಮ ಅಮ್ಮನಿಗೆ ಆಗಬಾರದು. ಉಷ್ಣವಲಯದ ದ್ವೀಪ ಅಂದರೆ ಅವಳು ಆಗುಂಬೆಗೆ ಸಮುದ್ರ ಕಟ್ಟಿದ ಹಾಗೆ ಇರುತ್ತೆ ಅಂದುಕೊಂಡಿದ್ದಳು. ಅಲ್ಲ. ಒಣ ಹುಲ್ಲಿನ ಬೋಳುಗುಡ್ಡ, ಅಲ್ಲೊಂದು ಇಲ್ಲೊಂದು ತಾಳೆ ಮರ, ತಗ್ಗಿನಲ್ಲಿ ಹುಣಸೆ ಮರ. ಹೌದು, ನಮ್ಮದೇ ಹುಣಸೆ, ಅದರ ನೆರಳಿನಲ್ಲೇ ಅವು ಮಲಗಿರುವುದು. ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರ್ ಮುಟ್ಟುವುದು ಕಷ್ಟ; ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಎರಡು ಪಟ್ಟಿಗೂ ಮೇಲೆ ಸುರಿಯುತ್ತೆ. "ಇದೆಂಥ ಕಾಡು, ಚಿತ್ರದುರ್ಗದ ಹಾಗಿದೆ" ಅಂದಳು. ಲಾಭ ಒಂದೇ, ಉಂಬಳ ಇಲ್ಲ.

ಆದರೆ ರಿಂಚಾದಲ್ಲಿ ಇಳಿದು ಹತ್ತು ನಿಮಿಷಕ್ಕೆ ಅವಳೇ ನನ್ನ ತೋಳು ಹಿಡಿದು, "ರೀ, ಆ ನಾಟಾ ಉಸಿರಾಡ್ತಿದೆ" ಅಂದಳು. ಹುಣಸೆ ಬುಡದಲ್ಲಿ ತೊಗಟೆ ಸುಲಿಯದ ದಿಮ್ಮಿ ಬಿದ್ದ ಹಾಗಿತ್ತು. ಎರಡೂವರೆ ಮೀಟರ್ ಇತ್ತೇನೋ. 3 ಮೀಟರ್‌ವರೆಗೂ ಬೆಳೆಯುತ್ತವೆ. ಕಾಲು ಚಾಚಿ ಹೊಟ್ಟೆ ನೆಲಕ್ಕೆ ಒತ್ತಿ ಮಲಗಿತ್ತು. ಕಣ್ಣು ಮಾತ್ರ ನಮ್ಮ ಮೇಲೆ. ನಾಲಿಗೆ ಹೊರಗೆ ಬಂತು, ಹಳದಿ, ಎರಡು ಸೀಳು, ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ಒಳಗೆ ಎಳೆದುಕೊಂಡಿತು. ಮೂಸುವುದೇ ನಾಲಿಗೆಯಲ್ಲಿ. ಕಾವಲಿನವನು ತನ್ನ ಕವೆಗೋಲನ್ನು ನಮ್ಮ ಮುಂದೆ ನೆಲಕ್ಕೆ ಊರಿ ನಿಂತ. ಅವರ ಬಳಿ ಇರುವ ಆಯುಧ ಅಷ್ಟೇ, ನಮ್ಮಲ್ಲಿ ಒಗೆದ ಬಟ್ಟೆಯ ಹಗ್ಗ ಎತ್ತಿ ನಿಲ್ಲಿಸುವ ಕವೆಗೋಲಿನಂಥದ್ದು. ಆ ಹೊತ್ತಿಗೆ ಅಲ್ಲಿದ್ದ ಇಪ್ಪತ್ತು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. ಹಿಂದೆ ಪ್ರವಾಸಿಗರಿಗೆ ತೋರಿಸಲಿಕ್ಕೆ ಆಡು ಕೊಡುತ್ತಿದ್ದರಂತೆ, ಅದು ನಿಂತು ಬಹಳ ವರ್ಷ ಆಯಿತು. ಈಗ ಅದು ಎದ್ದರೆ ನೋಡಬೇಕು, ಮಲಗಿದ್ದರೆ ಮಲಗಿದ್ದನ್ನೇ ನೋಡಬೇಕು. ನಮ್ಮದು ಎದ್ದಿತು. ಎದ್ದು ನಡೆದಾಗ ಭುಜ ಹೊರಳಿಸುವ ಬಿಗುವು ನೋಡಬೇಕು ನೀವು, ಕಂಬಳದ ಕೋಣಕ್ಕೂ ಅಷ್ಟು ಜಂಬ ಇಲ್ಲ.

ಮೊಣಕಾಲು: ರಿಂಚಾದ ಲೋಹ್ ಬುವಾಯಾದಲ್ಲಿ ಈಗ ನೆಲದಿಂದ ಎತ್ತರಕ್ಕೆ ಅಟ್ಟಣಿಗೆಯ ಹಾಗೆ ದಾರಿ ಕಟ್ಟಿದ್ದಾರೆ, ಅಮ್ಮ ನಿಧಾನಕ್ಕೆ ನಡೆಯಬಹುದು. ಕೊಮೊಡೊದ ಲೋಹ್ ಲಿಯಾಂಗ್‌ನಲ್ಲಿ ಚಿಕ್ಕ ಸುತ್ತು ಕೇಳಿ, ಸಮತಟ್ಟು ನೆಲ. ಪಡಾರ್ ದ್ವೀಪದ ಮೇಲಿಂದ ಮೂರು ಕಡಲತೀರ ಒಟ್ಟಿಗೆ ಕಾಣುವ ಫೋಟೋ ಎಲ್ಲರೂ ಹಾಕುತ್ತಾರಲ್ಲ, ಅದಕ್ಕೆ ನೂರಾರು ಮೆಟ್ಟಿಲು. ನಾನು ಅರ್ಧಕ್ಕೆ ಕೂತೆ. ಆದರೆ ನಿಜವಾದ ಪರೀಕ್ಷೆ ಬೆಟ್ಟದಲ್ಲಿ ಅಲ್ಲ, ಬಂದರಿನಲ್ಲಿ. ಲಾಬುವಾನ್ ಬಾಜೊದಲ್ಲಿ ದೋಣಿಗಳನ್ನು ಒಂದರ ಪಕ್ಕ ಒಂದು ಕಟ್ಟಿರುತ್ತಾರೆ. ನಿಮ್ಮ ದೋಣಿ ನಾಲ್ಕನೆಯದಾದರೆ ಮೂರು ದೋಣಿ ದಾಟಿ ಹೋಗಬೇಕು, ಎಲ್ಲವೂ ಬೇರೆ ಬೇರೆ ತಾಳಕ್ಕೆ ಅಲ್ಲಾಡುತ್ತಿರುತ್ತವೆ. ಒಬ್ಬ ಹುಡುಗ ಕೈ ಹಿಡಿದು ದಾಟಿಸುತ್ತಾನೆ, ನಾಚಿಕೆ ಬೇಡ.

ದೋಣಿ: ಮರದ ದೋಣಿಯಲ್ಲಿ ಎರಡು ದಿನ ಒಂದು ರಾತ್ರಿ ಹೋಗುವುದು ಒಂದು ಬಗೆ, ಸ್ಪೀಡ್‌ಬೋಟಿನಲ್ಲಿ ಒಂದೇ ದಿನದಲ್ಲಿ ಐದಾರು ಕಡೆ ಓಡಿಸುವುದು ಇನ್ನೊಂದು. ಎರಡನೆಯದರಲ್ಲಿ ಉಡಕ್ಕೆ ಸಿಗುವುದು ಒಂದು ಗಂಟೆ, ಉಳಿದದ್ದೆಲ್ಲ ಫೋಟೋಕ್ಕೆ. ಅಮ್ಮನಿಗೆ ಮರದ ದೋಣಿಯೇ ಸರಿ. ರಿಂಚಾಗೆ ಎರಡು ತಾಸು. ದ್ವೀಪಗಳ ನಡುವಿನ ನೀರಿಗೆ ಸೆಳೆತ ಜಾಸ್ತಿ, ಒಂದು ಕಡೆ ಫ್ಲೋರೆಸ್ ಸಮುದ್ರ, ಇನ್ನೊಂದು ಕಡೆ ಹಿಂದೂ ಮಹಾಸಾಗರ. ನಯವಾಗಿ ಕಾಣುವ ಕಡೆಯೇ ಸುಳಿ. ನಾನು ಮೊದಲು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ ದೋಣಿ ಹಿಡಿದು ಕೆಟ್ಟೆ. ಹೆಸರು ಬೇಡ. ಬಂದರು ದಾಟುವ ಮೊದಲೇ ಎಂಜಿನ್ ಕೆಮ್ಮಿ ನಿಂತಿತು, ಲೈಫ್ ಜಾಕೆಟ್ ಎಣಿಸಿದರೆ ಜನಕ್ಕಿಂತ ಎರಡು ಕಮ್ಮಿ. ಇಳಿದುಬಿಟ್ಟೆವು. ಒಂದು ದಿನ, ಮುಂಗಡ, ಎರಡೂ ಹೋಯಿತು. ನೀವು ಅಲ್ಲಿಗೆ ಹೋಗಿ, ದೋಣಿ ಕಣ್ಣಲ್ಲಿ ನೋಡಿ, ಜಾಕೆಟ್ ಎಣಿಸಿ, ಆಮೇಲೆ ದುಡ್ಡು ಕೊಡಿ. ಉದ್ಯಾನದ ಶುಲ್ಕ ಆಗಾಗ ಬದಲಾಗುತ್ತೆ, ದೋಣಿ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಬಾಯಿಬಿಟ್ಟು ಕೇಳಿ.

ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್‌ಗೆ ನೇರ ವಿಮಾನ ಇದೆ, ಅಲ್ಲಿಂದ ಲಾಬುವಾನ್ ಬಾಜೊಗೆ ಇನ್ನೊಂದು ಚಿಕ್ಕದು. ವೀಸಾ ಅಲ್ಲೇ ಇಳಿದ ಮೇಲೆ, ನಾವು ಹೋದಾಗ ತಲೆಗೆ 5 ಲಕ್ಷ ರುಪಿಯಾ. ಬೆಚ್ಚಬೇಡಿ, ಅವರ ರುಪಿಯಾ. ನಮ್ಮಿಬ್ಬರಿಗೆ ಹತ್ತು ದಿನಕ್ಕೆ ಒಟ್ಟು ಎರಡು ಲಕ್ಷದ ಮೇಲೆ ಸ್ವಲ್ಪ ಆಯಿತು.

ಹೇಳಲೇಬೇಕಾದ ಇನ್ನೊಂದಿದೆ. ಕೊಮೊಡೊ ಬಾಯಲ್ಲಿ ಕೊಳಕು ಬ್ಯಾಕ್ಟೀರಿಯಾ ಇದ್ದು, ಕಚ್ಚಿಸಿಕೊಂಡ ಪ್ರಾಣಿ ನಂಜಾಗಿ ಸಾಯುತ್ತೆ ಅಂತ ನಾನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೆ. 2009ರಲ್ಲಿ ಅದರ ಕೆಳದವಡೆಯಲ್ಲಿ ವಿಷಗ್ರಂಥಿ ಇರುವುದನ್ನು ತೋರಿಸಿದರು. ಆ ವಿಷ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ರಕ್ತದೊತ್ತಡ ಇಳಿಸುತ್ತೆ. ನನ್ನ ಹಳೇ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ತಿದ್ದಿಕೊಳ್ಳಿ. ಅಮ್ಮನಿಗೆ ಹೇಳಲು ಇನ್ನೊಂದು ಸಂಗತಿ: 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಗಂಡಿನ ಮುಖವನ್ನೇ ಕಾಣದ ಹೆಣ್ಣೊಂದು ಮೊಟ್ಟೆ ಇಟ್ಟು, ಆ ಮೊಟ್ಟೆಯಲ್ಲಿ ಜೀವ ಇತ್ತು.

---

ಸಹ್ಯಾದ್ರಿ ಸೋಮಾರಿ:

ಎರಡು ಲಕ್ಷ ಕೊಟ್ಟು ಉಡ ನೋಡೋಕೆ ಇಂಡೋನೇಷ್ಯಾ? ಮಾರಾಯ್ರೆ, ನಿಮ್ಮ ಮನೆ ಹಿಂದೆಯೇ ಶರಾವತಿ ಕಣಿವೆ, ಸಿಂಗಳೀಕ ಅಲ್ಲಿ ಬಿಟ್ಟರೆ ಪಶ್ಚಿಮ ಘಟ್ಟದ ಬೆರಳೆಣಿಕೆ ಕಡೆ ಮಾತ್ರ. ಅದನ್ನು ನೋಡಲು ವಿದೇಶದವರು ಬರುತ್ತಾರೆ. ದ್ವೀಪವೇ ಬೇಕಿದ್ದರೆ ಅಂಡಮಾನ್ ಇದೆ, ಪಾಸ್‌ಪೋರ್ಟೂ ಬೇಡ. ಅಲ್ಲಿ ನೀರುಡ ಇದೆ, ಅದೂ ಎರಡು ಮೀಟರ್ ಆಗುತ್ತೆ. ವಂಡೂರಿನಲ್ಲಿ ಸಮುದ್ರದ ರಾಷ್ಟ್ರೀಯ ಉದ್ಯಾನ ಇದೆ, ಗಾಜಿನ ತಳದ ದೋಣಿಯಲ್ಲಿ ಹವಳ ತೋರಿಸುತ್ತಾರೆ. ಉಳಿದ ದುಡ್ಡಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿ.

---

ಹಿನ್ನೀರಿನಾಚೆ:

ಮೇಷ್ಟ್ರೇ, ನಿಮ್ಮ ಉತ್ತರ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ನಡುವೆ ಎರಡು ಸಲ ಒಲೆ ಮೇಲಿನ ಅನ್ನ ನೋಡಿ ಬಂದರು, ಅಷ್ಟೇ. ಗಂಡಿಲ್ಲದೆ ಮೊಟ್ಟೆ ಇಟ್ಟಿದ್ದಕ್ಕೆ ಅವರ ಅಭಿಪ್ರಾಯ: "ಕುಂತಿಗಾದರೂ ಸೂರ್ಯ ಬೇಕಾಯ್ತು, ಇದು ಅವಳನ್ನೂ ಮೀರಿಸ್ತು." ಮರಿಗಳು ಮರ ಹತ್ತಿ ಕೂರುವ ವಿಷಯಕ್ಕೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ವರ್ಷ ಅಲ್ಲೇ ಇರ್ತವಂತೆ?" ಅಂತ ಕೇಳಿದರು. ಗೊತ್ತಿದ್ದರೆ ತಿಳಿಸಿ.

ಸೋಮಾರಿಯವರೇ, ಸಿಂಗಳೀಕ ನಮಗೆ ಹೊಸತಲ್ಲ, ಹಲಸಿನ ಕಾಲದಲ್ಲಿ ಅವು ನಮ್ಮನ್ನು ನೋಡಲು ಬರುತ್ತವೆ. ಅಂಡಮಾನ್ ನಾನೂ ಹೇಳಿ ನೋಡಿದೆ. ನೀರುಡದ ಫೋಟೋ ತೋರಿಸಿದೆ. "ಇದು ದೊಡ್ಡಪ್ಪ ಅಲ್ಲ, ಚಿಕ್ಕಪ್ಪ" ಅಂದರು. ಮುಗೀತು. ಇನ್ನು ಸ್ಪ್ರಿಂಕ್ಲರ್ ವಿಷಯ. ಹೋದ ವರ್ಷದ ಚಾಲಿ ಅಡಿಕೆ ದುಡ್ಡಿನಲ್ಲಿ ಒಂದಿಷ್ಟು ಅಮ್ಮನ ಹೆಸರಲ್ಲೇ ಬೇರೆ ಇಟ್ಟಿದ್ದೆ, ಅದು ಅವರ ದುಡ್ಡು. ಅಪ್ಪ ಇದ್ದಾಗ ಅಮ್ಮ ತಾನಾಗಿ ಏನೂ ಕೇಳಿದವರಲ್ಲ, ಈಗ ಕೇಳಿದ್ದು ಉಡ. ನಾನು ಸ್ಪ್ರಿಂಕ್ಲರ್ ಹಾಕಿಸಲಾ?

---

ಕೊಪ್ಪದ ಮಳೆಹುಡುಗಿ:

ಅಮ್ಮ ನನಗೆ ಬಹಳ ಹಿಡಿಸಿದರು. ನಾನು ಕೆಲಸದ ಮೇಲೆ ಒಂದು ವರ್ಷ ಜಕಾರ್ತದಲ್ಲಿದ್ದೆ, ಕೊಮೊಡೊಗೆ ಎರಡು ಸಲ ಹೋಗಿದ್ದೇನೆ. ಮೇಷ್ಟ್ರು ಉಡದ ಬಗ್ಗೆ ಎಲ್ಲ ಹೇಳಿದ್ದಾರೆ, ನಾನು ಊರಿನ ಬಗ್ಗೆ ಹೇಳುತ್ತೇನೆ. ಹೆಚ್ಚಿನವರು ಇದನ್ನು ನೋಡದೆ ಬರುತ್ತಾರೆ, ಮುಳುಗಡೆ ಕುಟುಂಬದವರು ಅದನ್ನು ಬಿಟ್ಟು ಬರಬಾರದು.

ಆ ರಾಷ್ಟ್ರೀಯ ಉದ್ಯಾನದ ಒಳಗೇ ಊರಿದೆ, ಕಂಪುಂಗ್ ಕೊಮೊಡೊ. 1980ರಲ್ಲಿ ಉದ್ಯಾನ ಆಗುವುದಕ್ಕೂ, 1991ರಲ್ಲಿ ಯುನೆಸ್ಕೊ ಪಟ್ಟಿ ಸೇರುವುದಕ್ಕೂ ಬಹಳ ಮೊದಲಿನಿಂದ ಇರುವವರು. ಕಂಬದ ಮೇಲೆ ಎತ್ತರಿಸಿ ಕಟ್ಟಿದ ಮನೆಗಳು, ಕೆಳಗೆ ಆಡು ಓಡಾಡುತ್ತಿರುತ್ತವೆ, ಕೆಲವು ಸಲ ಉಡವೂ. ಅವರು ಅದನ್ನು "ಓರಾ" ಅನ್ನುತ್ತಾರೆ. ಅವರದೊಂದು ಕಥೆ ಇದೆ. ಪುತ್ರಿ ನಾಗಾ ಎಂಬ ರಾಜಕುಮಾರಿಗೆ ಅವಳಿ ಮಕ್ಕಳು, ಒಂದು ಗಂಡು ಮಗು, ಇನ್ನೊಂದು ಹೆಣ್ಣು ಓರಾ. ಹುಡುಗ ಊರಲ್ಲಿ ಬೆಳೆದ, ಓರಾ ಕಾಡಿಗೆ ಹೋದಳು. ದೊಡ್ಡವನಾದ ಮೇಲೆ ಬೇಟೆಯಲ್ಲಿ ಅವಳಿಗೆ ಈಟಿ ಎತ್ತಿದಾಗ ತಾಯಿ ಪ್ರತ್ಯಕ್ಷಳಾಗಿ, "ಅದು ನಿನ್ನ ಒಡಹುಟ್ಟು" ಅಂದಳಂತೆ. ಹೆಸರಿನಲ್ಲೇ ನಾಗ ಇದೆ, ನೋಡಿ. ನಮ್ಮಲ್ಲಿ ನಾಗಬನಕ್ಕೆ ಕೊಡಲಿ ಹಾಕದ ಹಾಗೆ ಅವರು ಅದಕ್ಕೆ ಕೈ ಹಾಕುವುದಿಲ್ಲ. ಹೊರಗಿನ ವಿಜ್ಞಾನಕ್ಕೆ ಅದರ ಪರಿಚಯ ಆಗಿದ್ದು 1912ರಲ್ಲಿ, ಓವೆನ್ಸ್ ಎಂಬ ಡಚ್ಚರವನು ಬರೆದಾಗ. ಊರವರಿಗೆ ಅದು ಅಷ್ಟರಲ್ಲಾಗಲೇ ಅಕ್ಕ.

ಹಾಗಂತ ಅಕ್ಕ ಯಾವಾಗಲೂ ಅಕ್ಕನ ಹಾಗೇ ಇರುವುದಿಲ್ಲ. 2007ರಲ್ಲಿ ಎಂಟು ವರ್ಷದ ಹುಡುಗನೊಬ್ಬ ಅದರ ದಾಳಿಗೆ ಸತ್ತ. ನಾನು ಮಾತಾಡಿಸಿದ ಒಬ್ಬ ಹೆಂಗಸು ಅದನ್ನು ಹೇಳಿದ ರೀತಿ ನನ್ನ ತವರಿನವರು ಆನೆ ವಿಷಯ ಹೇಳುವ ರೀತಿಯೇ. ಸಿಟ್ಟಿಲ್ಲ, ಮರೆವೂ ಇಲ್ಲ. ಮೊದಲು ಮೀನು, ಜಿಂಕೆ ಬೇಟೆ. ಉದ್ಯಾನ ಆದ ಮೇಲೆ ಬೇಟೆ ನಿಂತಿತು, ಯಾಕೆಂದರೆ ಜಿಂಕೆ ಓರಾದ ಊಟ. ಈಗ ಮರದಲ್ಲಿ ಓರಾ ಕೆತ್ತಿ ದಕ್ಕೆಯ ಹತ್ತಿರ ಮಾರುತ್ತಾರೆ. 2019ರಲ್ಲಿ ಅಲ್ಲಿನ ಪ್ರಾಂತ್ಯದ ಗವರ್ನರ್ ದ್ವೀಪವನ್ನು ಒಂದು ವರ್ಷ ಮುಚ್ಚಿ ಊರವರನ್ನೂ ಬೇರೆ ಕಡೆ ಕಳಿಸುವ ಮಾತೆತ್ತಿದ್ದರು. ಊರು ಎದ್ದು ನಿಂತಿತು, ಕೊನೆಗೆ ಕೇಂದ್ರ ಸರ್ಕಾರ ಕೈಬಿಟ್ಟಿತು. 2021ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಈ ಪ್ರಾಣಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹೇಳಿದ ಮುಖ್ಯ ಕಾರಣಗಳಲ್ಲಿ ಒಂದು ಸಮುದ್ರ ಮಟ್ಟ ಏರುವುದು. ಅಲ್ಲೂ ನೀರೇ.

ಕೆಲಸಕ್ಕೆ ಬರುವ ಎರಡು ಮಾತು. ಇಳಿಯುವಾಗ ಕಾವಲಿನವರು ಮೈಮೇಲೆ ಗಾಯ ಇದೆಯಾ, ಹೆಂಗಸರಾದರೆ ಮುಟ್ಟಾಗಿದ್ದೀರಾ ಅಂತ ಕೇಳುತ್ತಾರೆ. ರಕ್ತದ ವಾಸನೆ ಅದಕ್ಕೆ ದೂರದಿಂದ ತಿಳಿಯುತ್ತೆ. ಮುಚ್ಚಿಡಬಾರದು. ಇನ್ನು ಶನಿವಾರ, ಸೋಮವಾರಕ್ಕೆ ತೆಂಪೆ ಕೇಳಿ, ಸೋಯಾ ಕಾಳು ಹುದುಗಿಸಿ ಬಿಲ್ಲೆ ಮಾಡಿ ಕರಿದದ್ದು, ಚೆನ್ನಾಗಿರುತ್ತೆ. "ತಾನ್ಪಾ ಇಕಾನ್, ತಾನ್ಪಾ ತೆರಾಸಿ" ಅನ್ನಿ: ಮೀನು ಬೇಡ, ಸೀಗಡಿ ಗೊಜ್ಜೂ ಬೇಡ ಅಂತ. ಎರಡನೆಯದು ಹೇಳದಿದ್ದರೆ ಚಟ್ನಿಯಲ್ಲಿ ಬಂದೇ ಬರುತ್ತೆ.

---

ತುಂಗಾತೀರದ ಮೇಷ್ಟ್ರು:

ಮಳೆಹುಡುಗಿಯವರೇ, ನಾನು ಆ ದಕ್ಕೆಯಲ್ಲಿ ಕೆತ್ತಿದ ಓರಾ ಕೊಳ್ಳುವಾಗ ಚೌಕಾಸಿ ಮಾಡಿದ್ದೆ. ಈಗ ಬೇಸರವಾಗುತ್ತಿದೆ.

ಅಮ್ಮನ ಪ್ರಶ್ನೆಗೆ: ಮರಿಗಳು ಮೊದಲ ಕೆಲವು ವರ್ಷ ಹೆಚ್ಚಾಗಿ ಮರದ ಮೇಲೇ ಇರುತ್ತವೆ. ಹುಳ, ಹಲ್ಲಿ, ಮೊಟ್ಟೆ ತಿಂದು ಬೆಳೆಯುತ್ತವೆ. ಮೈ ಭಾರವಾಗಿ ಕೊಂಬೆ ತಡೆಯದಾದಾಗ ಇಳಿಯುತ್ತವೆ, ಆ ಹೊತ್ತಿಗೆ ಎದುರಿಸುವಷ್ಟು ಆಗಿರುತ್ತವೆ. ಮರಿಗಳ ಮೈ ಮೇಲೆ ಹಳದಿ ಪಟ್ಟೆ ಇರುತ್ತೆ, ನಾನು ಒಂದನ್ನು ಲೋಹ್ ಲಿಯಾಂಗ್‌ನಲ್ಲಿ ನೋಡಿದೆ. ಅಮ್ಮನಿಗೆ ಹೇಳಿ, ದೊಡ್ಡದನ್ನು ನೋಡಿ ಮುಗಿದ ಮೇಲೆ ತಲೆ ಎತ್ತಿ ನೋಡಲಿ.

---

ಹಿನ್ನೀರಿನಾಚೆ:

ನಿನ್ನೆ ಸಾಗರಕ್ಕೆ ಹೋಗಿ ಇಬ್ಬರ ಪಾಸ್‌ಪೋರ್ಟ್ ಅರ್ಜಿ ತುಂಬಿ ಬಂದೆವು. ಜನ್ಮದಿನಾಂಕದ ಕಡೆ ಅಮ್ಮ ಅರ್ಧ ಗಂಟೆ ತೆಗೆದುಕೊಂಡರು. ಆಧಾರ್‌ನಲ್ಲಿ ಜನವರಿ 1 ಇದೆ, ಅವರ ಪ್ರಕಾರ ಅವರು ಹುಟ್ಟಿದ್ದು ನೀರು ಏರಿದ ವರ್ಷದ ಆರಿದ್ರೆ ಮಳೆಯಲ್ಲಿ. ಆಧಾರ್‌ನಲ್ಲಿ ಇರುವುದನ್ನೇ ಹಾಕಿದೆವು.

ಮಳೆಹುಡುಗಿಯವರೇ, ಅಕ್ಕನ ಕಥೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಆ ಊರವರು ಬಿಡಲ್ಲ ಅಂತ ಕೂತರಲ್ಲ, ಎಷ್ಟು ಮನೆಯವರು?" ನನಗೆ ಉತ್ತರ ಗೊತ್ತಿರಲಿಲ್ಲ. ಹೋದಾಗ ತಾನೇ ಕೇಳುತ್ತಾರಂತೆ. ಯಾವ ಭಾಷೆಯಲ್ಲಿ ಅಂತ ನಾನು ಕೇಳಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಕವಳದ (ಎಲೆ-ಅಡಿಕೆಯ) ಸಂಚಿ ಇಲ್ಲದೆ ಅಮ್ಮ ಮನೆ ಹೊಸಿಲು ದಾಟುವವರಲ್ಲ. ವಿಮಾನದಲ್ಲಿ ಬಿಡುತ್ತಾರಾ?

---

ಕೊಪ್ಪದ ಮಳೆಹುಡುಗಿ:

ಅಡಕತ್ತರಿಯನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಬ್ಯಾಗಿಗೆ ಹಾಕಿ ಕಳಿಸಿ. ಹಸಿ ಎಲೆ, ಅಡಿಕೆ ಒಯ್ಯಬೇಡಿ, ಅಲ್ಲಿ ಗಿಡ-ಬೀಜದ ತಪಾಸಣೆ ಇರುತ್ತೆ. ಒಯ್ಯುವ ಅಗತ್ಯವೂ ಇಲ್ಲ. ಆ ಕಡೆಯ ದ್ವೀಪಗಳಲ್ಲಿ ಮನೆಗೆ ಬಂದವರ ಮುಂದೆ ಮೊದಲು ಇಡುವುದೇ ಅದು, "ಸಿರಿ ಪಿನಾಂಗ್" ಅಂತ. ಪಿನಾಂಗ್ ಅಂದರೆ ಅಡಿಕೆ, ಜೊತೆಗೆ ಸುಣ್ಣ. ಎಲೆಯ ಬದಲು ಬಹಳ ಕಡೆ ವೀಳ್ಯದ ಬಳ್ಳಿಯ ಉದ್ದನೆ ಕಾಯಿ ಕಚ್ಚುತ್ತಾರೆ, ನಮ್ಮ ಹಿಪ್ಪಲಿ ದೊಡ್ಡದಾದ ಹಾಗಿರುತ್ತೆ. ಸಂತೆಯಲ್ಲಿ ರಾಶಿ ಹಾಕಿಕೊಂಡು ಕೂತ ಅಜ್ಜಿಯರಿರುತ್ತಾರೆ. ಅಮ್ಮನನ್ನು ಅವರ ಪಕ್ಕ ಬಿಟ್ಟು ನೀವು ದೋಣಿಯ ಲೈಫ್ ಜಾಕೆಟ್ ಎಣಿಸಲು ಹೋಗಿ.

---

ಹಿನ್ನೀರಿನಾಚೆ:

ಹೇಳಿದೆ. ಎಲೆ ಬದಲು ಕಾಯಿ ಅಂದಾಗ ಮುಖ ಸಿಂಡರಿಸಿದರು. ಆಮೇಲೆ ಒಳಗೆ ಹೋಗಿ ಸಂಚಿಯಿಂದ ಎಲೆ, ಅಡಿಕೆ ತೆಗೆದು ಡಬ್ಬಿಗೆ ಹಾಕಿ, ಖಾಲಿ ಸಂಚಿ ಒಗೆದು ಹಾಕಿದ್ದಾರೆ. ಏಪ್ರಿಲ್‌ಗೆ ಇನ್ನೂ ಐದು ತಿಂಗಳಿದೆ.